ಕರೆಂಟು ಹೋದಾಗ ಡಾಕ್ ಏನು ಮಾಡುತ್ತದೆ: ಕುಮಟಾದಲ್ಲಿ ಲ್ಯಾಪ್‌ಟಾಪ್ ಜೋಡಣೆಯ ನನ್ನ ಅನುಭವ

ನಾನು ಯಕ್ಷಗಾನ ಪ್ರದರ್ಶನಗಳನ್ನು ಚಿತ್ರೀಕರಿಸಿ ಸಂಕಲನ ಮಾಡುವವನು. ಮೇಳಗಳ ತಿರುಗಾಟ ನಡೆಯುವ ಚಳಿಗಾಲ ಮತ್ತು ಬೇಸಿಗೆಯಲ್ಲಿ ಕುಮಟಾ, ಹೊನ್ನಾವರ, ಸಿದ್ದಾಪುರದ ಕಡೆಯ ಆಟಗಳಲ್ಲಿ ಕ್ಯಾಮೆರಾದ ಹಿಂದೆ ಇರುತ್ತೇನೆ. ಹಾಗೆ ಕೂಡಿಬಿದ್ದ ದೃಶ್ಯಗಳನ್ನು ಕೂತು ಜೋಡಿಸುವ ಕೆಲಸ ನಡೆಯುವುದು ಮಳೆಗಾಲದಲ್ಲಿ. ಅಂದರೆ ನನ್ನ ಲ್ಯಾಪ್‌ಟಾಪಿಗೆ ಕೆಲಸ ಹೆಚ್ಚು ಬೀಳುವ ತಿಂಗಳುಗಳೂ ನಮ್ಮ ಕರಾವಳಿಯಲ್ಲಿ ಕರೆಂಟು ಹೆಚ್ಚು ಕೈಕೊಡುವ ತಿಂಗಳುಗಳೂ ಒಂದೇ. ಮಾನಿಟರ್, ಡ್ರೈವ್, ಲ್ಯಾನ್ ಮುಂತಾದವನ್ನೆಲ್ಲ ಒಂದೇ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸೇರಿಸುವ ಡಾಕಿಂಗ್ ಸ್ಟೇಷನ್ (ಡಾಕ್) ಆರಿಸುವಾಗ ನಾನು ಮಾಡಿದ ತೀರ್ಮಾನಗಳಲ್ಲಿ ಮುಖ್ಯವಾದವೆಲ್ಲ ಈ ಸಂಗತಿಯಿಂದಲೇ ಹುಟ್ಟಿದವು.

ಜೋಡಿಸಬೇಕಾಗಿದ್ದ ಸಾಮಾನುಗಳು ಇವು: ಒಂದು 27 ಇಂಚಿನ 4ಕೆ ಮಾನಿಟರ್, ಕ್ಯಾಮೆರಾದ ಎಸ್‌ಡಿ ಕಾರ್ಡ್ ಓದುವ ರೀಡರ್, ದೃಶ್ಯಗಳನ್ನು ತುಂಬಿಡುವ ಹೊರಗಿನ ಎಸ್‌ಎಸ್‌ಡಿ ಡ್ರೈವ್, ಧ್ವನಿ ಕೇಳಲು ಆಡಿಯೋ ಇಂಟರ್‌ಫೇಸ್, ಫೈಬರ್ ಮೋಡೆಮ್‌ನಿಂದ ಬರುವ ಲ್ಯಾನ್ ಕೇಬಲ್, ಕೀಬೋರ್ಡ್, ಮೌಸ್ ಮತ್ತು ಚಾರ್ಜರ್. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎಡಕ್ಕೊಂದು ಬಲಕ್ಕೊಂದು ಟೈಪ್-ಸಿ ಪೋರ್ಟ್, ಜೊತೆಗೆ ಹಳೆಯ ಆಕಾರದ ಒಂದು ಟೈಪ್-ಎ ಪೋರ್ಟ್.

ಡಾಕ್‌ಗಳನ್ನು ನೋಡುವ ಮೊದಲು ನಾನು ನೋಡಿದ್ದು ಲ್ಯಾಪ್‌ಟಾಪಿನ ಪೋರ್ಟ್‌ಗಳನ್ನು. ಟೈಪ್-ಸಿ ಎಂಬುದು 2014ರಲ್ಲಿ ನಿಗದಿಯಾದ 24 ಪಿನ್‌ಗಳ ಒಂದು ಆಕಾರ. ಅದರೊಳಗೆ ಏನು ಹರಿಯುತ್ತದೆ ಎಂಬುದನ್ನು ಆಕಾರ ನೋಡಿ ಹೇಳಲಾಗದು. ಒಂದೇ ಬಗೆಯ ಎರಡು ತೂತುಗಳಲ್ಲಿ ಒಂದು ಸೆಕೆಂಡಿಗೆ 480 ಮೆಗಾಬಿಟ್‌ನ ಹಳೆಯ ಯುಎಸ್‌ಬಿ 2.0 ಆಗಿರಬಹುದು, ಇನ್ನೊಂದು ದತ್ತಾಂಶ, ಚಿತ್ರ, ವಿದ್ಯುತ್ ಮೂರನ್ನೂ ಸಾಗಿಸುವ 40 ಗಿಗಾಬಿಟ್‌ನ ಥಂಡರ್‌ಬೋಲ್ಟ್ 4 ಆಗಿರಬಹುದು. ಪೋರ್ಟಿನ ಪಕ್ಕ ಮಿಂಚಿನ ಗುರುತಿದ್ದರೆ ಥಂಡರ್‌ಬೋಲ್ಟ್, ಡಿ ಮತ್ತು ಪಿ ಅಕ್ಷರಗಳನ್ನು ಹೆಣೆದ ಗುರುತಿದ್ದರೆ ಪರದೆಗೆ ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್, 10 ಅಥವಾ 20 ಎಂದಿದ್ದರೆ ಅದು ಗಿಗಾಬಿಟ್ ವೇಗ. ಆದರೆ ಎಲ್ಲ ತಯಾರಕರೂ ಈ ಗುರುತುಗಳನ್ನು ಅಚ್ಚುಹಾಕುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪನ್ನು ಮಗುಚಿ, ತಳದಲ್ಲಿದ್ದ ಪೂರ್ತಿ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ವಿವರಪಟ್ಟಿಯಲ್ಲಿ ಪ್ರತಿ ಪೋರ್ಟಿಗೂ ನಾಲ್ಕು ಸಂಗತಿಗಳನ್ನು ಹುಡುಕಿದೆ: ದತ್ತಾಂಶದ ವೇಗ ಎಷ್ಟು, ಚಿತ್ರ ಹೊರಗೆ ಬರುತ್ತದೆಯೇ, ಚಾರ್ಜ್ ಒಳಗೆ ಹೋಗುತ್ತದೆಯೇ, ಹೊರಗಿನ ಉಪಕರಣಕ್ಕೆ ಎಷ್ಟು ವಿದ್ಯುತ್ ಸಿಗುತ್ತದೆ. ನನ್ನದರಲ್ಲಿ ಎಡಗಡೆಯದು ಥಂಡರ್‌ಬೋಲ್ಟ್ 4, ಬಲಗಡೆಯ ಟೈಪ್-ಸಿ ಮತ್ತು ಟೈಪ್-ಎ ಎರಡೂ 10 ಗಿಗಾಬಿಟ್‌ನವು, ಚಾರ್ಜ್ ಎರಡೂ ಟೈಪ್-ಸಿಗಳಿಂದ ಆಗುತ್ತದೆ ಎಂದು ತಿಳಿಯಿತು. ಇಷ್ಟು ತಿಳಿದ ಮೇಲೆ ಅಂಗಡಿಯವರು ತೋರಿಸಿದ ಡಾಕ್‌ಗಳಲ್ಲಿ ಅರ್ಧದಷ್ಟನ್ನು ಪೆಟ್ಟಿಗೆಯ ಹಿಂಬದಿ ಓದಿಯೇ ಪಕ್ಕಕ್ಕಿಡಲು ಸಾಧ್ಯವಾಯಿತು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘4ಕೆ’ ಎಂದು ಬರೆದ ಹಬ್‌ಗಳು, ಅಂದರೆ ಚಿಕ್ಕ ಡಾಕ್‌ಗಳು, ಬಹಳ ಸಿಗುತ್ತವೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 30 ಹರ್ಟ್ಸ್ ಎಂದಿದೆಯೋ 60 ಹರ್ಟ್ಸ್ ಎಂದಿದೆಯೋ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದೇ ನಿಜವಾದ ವಿಷಯ. ಟೈಪ್-ಸಿಯಲ್ಲಿ ಅತಿ ವೇಗದ ನಾಲ್ಕು ಹಾದಿಗಳಿವೆ. ಸಾಮಾನ್ಯ ಹಬ್‌ಗಳು ಅವುಗಳಲ್ಲಿ ಎರಡನ್ನು ಚಿತ್ರಕ್ಕೂ ಎರಡನ್ನು ಯುಎಸ್‌ಬಿಗೂ ಹಂಚುತ್ತವೆ. ಹಳೆಯ ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಒಂದು ಹಾದಿಗೆ 5.4 ಗಿಗಾಬಿಟ್, ಎರಡು ಹಾದಿಗಳಲ್ಲಿ, ಸಂಕೇತೀಕರಣದ ಪಾಲು ಕಳೆದು, ಕೈಗೆ ಸಿಗುವುದು 8.64 ಗಿಗಾಬಿಟ್. 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ ಬರಲು ಸುಮಾರು 12.5 ಗಿಗಾಬಿಟ್ ಬೇಕು. ಹೀಗಾಗಿ ಅಂಥ ಹಬ್ 30ಕ್ಕೆ ಇಳಿಯುತ್ತದೆ. ಡಿಸ್‌ಪ್ಲೇಪೋರ್ಟ್ 1.4ರಲ್ಲಿ ಒಂದು ಹಾದಿಗೆ 8.1 ಗಿಗಾಬಿಟ್ ಇರುವುದರಿಂದ ಎರಡೇ ಹಾದಿಗಳಲ್ಲಿ 12.96 ಗಿಗಾಬಿಟ್ ಸಿಗುತ್ತದೆ, ಲೆಕ್ಕ ಸರಿಹೋಗುತ್ತದೆ. ಇನ್ನು ಕೆಲವು ಹಬ್‌ಗಳು ನಾಲ್ಕೂ ಹಾದಿಗಳನ್ನು ಚಿತ್ರಕ್ಕೇ ಕೊಟ್ಟು 60 ಹರ್ಟ್ಸ್ ಎಂದು ಹೇಳಿಕೊಳ್ಳುತ್ತವೆ. ಅವುಗಳಲ್ಲಿ ಉಳಿದ ಎಲ್ಲ ಯುಎಸ್‌ಬಿ ಪೋರ್ಟ್‌ಗಳೂ 480 ಮೆಗಾಬಿಟ್‌ಗೆ ಕುಸಿಯುತ್ತವೆ. ಕಾರ್ಡ್ ಓದುವ ಕೆಲಸ ಇರುವವರಿಗೆ ಅದು ತೀರ ನಿರುಪಯೋಗಿ.

ಈ 30 ಮತ್ತು 60ರ ವ್ಯತ್ಯಾಸ ಪತ್ರ ಬರೆಯುವವರಿಗೆ ಮೌಸ್ ಬಾಣ ಸ್ವಲ್ಪ ತಡವರಿಸಿದಂತೆ ಕಾಣುವುದಕ್ಕಷ್ಟೇ ಸೀಮಿತವಾಗಬಹುದು. ನನಗೆ ಹಾಗಲ್ಲ. ನಾನು ಸೆಕೆಂಡಿಗೆ 50 ಚೌಕಟ್ಟುಗಳಲ್ಲಿ ಚಿತ್ರೀಕರಿಸುತ್ತೇನೆ. ಬಡಗುತಿಟ್ಟಿನ ವೇಷಧಾರಿ ಮಂಡಿ ಹಾಕಿ ತಿರುಗುವಾಗ ಚಂಡೆಯ ಪೆಟ್ಟಿಗೂ ಹೆಜ್ಜೆಗೂ ಇರುವ ಹೊಂದಾಣಿಕೆಯನ್ನು ಒಂದೊಂದು ಚೌಕಟ್ಟಿನ ಮಟ್ಟದಲ್ಲಿ ನೋಡಿ ಧ್ವನಿ ಕೂಡಿಸಬೇಕಾಗುತ್ತದೆ. 30 ಹರ್ಟ್ಸ್‌ನ ಪರದೆಯಲ್ಲಿ ಓಡುವ ದೃಶ್ಯದ ಎಷ್ಟೋ ಚೌಕಟ್ಟುಗಳು ಕಾಣಿಸುವುದೇ ಇಲ್ಲ. ಆದ್ದರಿಂದ ಡಿಸ್‌ಪ್ಲೇಪೋರ್ಟ್ 1.4 ಎಂದು ಸ್ಪಷ್ಟವಾಗಿ ಬರೆಯದ ಯಾವ ಹಬ್ಬನ್ನೂ ಪರಿಗಣಿಸಲಿಲ್ಲ. ತಂದ ಮೇಲೂ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ವಿಭಾಗದ ಅಡ್ವಾನ್ಸ್‌ಡ್ ಪುಟ ತೆರೆದು, 60 ಹರ್ಟ್ಸ್ ಎಂದು ಅದೇ ಹೇಳುವುದನ್ನು ನೋಡಿದ ನಂತರವೇ ಬಿಲ್ಲನ್ನು ಫೈಲಿಗೆ ಸೇರಿಸಿದೆ. ಎಚ್‌ಡಿಎಂಐ ಬಳಸುವವರು ಹಬ್ಬಿನಲ್ಲಿರುವುದು ಎಚ್‌ಡಿಎಂಐ 2.0 ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು, 1.4ರಲ್ಲಿ 4ಕೆ 30 ಹರ್ಟ್ಸ್‌ಗೇ ನಿಲ್ಲುತ್ತದೆ.

ಕಾರ್ಡ್ ರೀಡರ್ ವಿಷಯದಲ್ಲಿ ಒಂದು ಲೆಕ್ಕ ಹಾಕಿದರೆ ಸಾಕು. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಚಿತ್ರೀಕರಿಸಿದರೆ ಒಂದು ಗಂಟೆಗೆ 45 ಗಿಗಾಬೈಟ್. ಆರು ಗಂಟೆಯ ಆಟಕ್ಕೆ ಒಂದು ಕ್ಯಾಮೆರಾದಿಂದಲೇ 270 ಗಿಗಾಬೈಟ್. ಹಬ್‌ಗಳಲ್ಲಿ ಅಡಕವಾಗಿ ಬರುವ ರೀಡರ್‌ಗಳು ಹೆಚ್ಚಾಗಿ ಯುಎಚ್‌ಎಸ್-1 ಎಂಬ ವೇಗದ ದರ್ಜೆಯವು, ಅದರ ಮಿತಿ ಸೆಕೆಂಡಿಗೆ 104 ಮೆಗಾಬೈಟ್. ಕೈಗೆ 90 ಸಿಕ್ಕಿತೆಂದರೂ ಆ ಒಂದು ಆಟ ಇಳಿಯಲು 50 ನಿಮಿಷ ಬೇಕು. ಯುಎಚ್‌ಎಸ್-2 ರೀಡರ್ ಮತ್ತು ಅದಕ್ಕೆ ತಕ್ಕ ಕಾರ್ಡ್ ಇದ್ದು ಸೆಕೆಂಡಿಗೆ 250 ಮೆಗಾಬೈಟ್ ಸಿಕ್ಕರೆ 18 ನಿಮಿಷ ಸಾಕು. ಹೀಗಾಗಿ ಹಬ್ಬಿನಲ್ಲಿ ಕಾರ್ಡ್ ತೂತು ಇದೆಯೋ ಇಲ್ಲವೋ ಎಂಬುದನ್ನೇ ಬಿಟ್ಟು, ಯುಎಚ್‌ಎಸ್-2 ರೀಡರನ್ನು ಪ್ರತ್ಯೇಕವಾಗಿ ಕೊಂಡೆ.

ಇನ್ನು ಕರೆಂಟಿನ ವಿಷಯ. ಡಾಕ್ ಬಗ್ಗೆ ಬರೆಯುವವರು ಹೆಚ್ಚಾಗಿ ಒಂದೇ ಕೇಬಲ್ಲಿನಲ್ಲಿ ಎಲ್ಲವೂ ಸೇರುವ ಸೊಗಸನ್ನು ಹೊಗಳುತ್ತಾರೆ. ದೊಡ್ಡ ಥಂಡರ್‌ಬೋಲ್ಟ್ ಡಾಕ್‌ಗಳಿಗೆ ಸಾಮಾನ್ಯವಾಗಿ ತಮ್ಮದೇ ಅಡಾಪ್ಟರ್ ಇರುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜ್ ಕೊಡುವುದೂ ಅದೇ. ಗೋಡೆಯ ಕರೆಂಟು ಹೋದ ಕ್ಷಣ ಡಾಕ್ ಸಾಯುತ್ತದೆ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಿಂದ ಏನೂ ಆಗದಂತೆ ನಡೆಯುತ್ತಿರುತ್ತದೆ, ಆದರೆ ಡಾಕಿಗೆ ಸಿಕ್ಕಿಸಿದ ಎಸ್‌ಎಸ್‌ಡಿ, ಲ್ಯಾನ್, ಆಡಿಯೋ ಎಲ್ಲವೂ ಒಟ್ಟಿಗೆ ಕಿತ್ತು ಹಾಕಿದಂತೆ ಮಾಯವಾಗುತ್ತವೆ. ಆ ಹೊತ್ತಿಗೆ ಎಸ್‌ಎಸ್‌ಡಿಗೆ ದೃಶ್ಯ ಬರೆಯುತ್ತಿದ್ದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಕ್ಯಾಮೆರಾದವರು ಸಾಮಾನ್ಯವಾಗಿ ಬಳಸುವ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ, ಮಾಡುತ್ತಿರುವ ಬದಲಾವಣೆಗಳನ್ನು ಮೊದಲೇ ಗುರುತುಹಾಕಿಕೊಳ್ಳುವ ಜರ್ನಲ್ ಇಲ್ಲದ್ದರಿಂದ ಫೈಲುಗಳ ಪಟ್ಟಿಗೇ ಪೆಟ್ಟಾಗುವ ಸಂಭವವೂ ಇದೆ. ಭಾಗವತರ ಒಂದು ರಾತ್ರಿಯ ಹಾಡುಗಾರಿಕೆ ಮತ್ತೆ ಅದೇ ರೀತಿ ಸಿಗುವಂಥದ್ದಲ್ಲವಾದ್ದರಿಂದ ಈ ಅಪಾಯವನ್ನು ಸಣ್ಣದೆಂದು ನಾನು ಬಿಡಲಾರೆ.

ಅಡಾಪ್ಟರ್ ಇಲ್ಲದ, ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಪಡೆಯುವ ಹಬ್ ಈ ದೃಷ್ಟಿಯಿಂದ ಮೇಲು. ಆದರೆ ಚಾರ್ಜರನ್ನು ಆ ಹಬ್ಬಿನ ಮೂಲಕವೇ ಹಾಯಿಸಿದರೆ ಅದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಚಾರ್ಜರ್ ನಡೆಯುವಾಗ ಹಬ್ ಲ್ಯಾಪ್‌ಟಾಪಿಗೆ ವಿದ್ಯುತ್ ಕೊಡುತ್ತಿರುತ್ತದೆ. ಕರೆಂಟು ಹೋದೊಡನೆ ಲ್ಯಾಪ್‌ಟಾಪ್ ಹಬ್ಬಿಗೆ ಕೊಡಬೇಕಾಗುತ್ತದೆ. ಕೊಡುವವರೂ ಪಡೆಯುವವರೂ ಜಾಗ ಬದಲಿಸುವ ಈ ಸಂದಿಯಲ್ಲಿ ಹಬ್ ಕ್ಷಣಕಾಲ ಆರಿದರೂ ಡ್ರೈವ್ ಕಳಚಿಹೋಗುತ್ತದೆ. ಇದನ್ನು ತಪ್ಪಿಸಲೆಂದೇ ಟೈಪ್-ಸಿಯಲ್ಲಿ ಚಾರ್ಜ್ ಮಾಡುವ ಮಾನದಂಡವಾದ ಯುಎಸ್‌ಬಿ ಪವರ್ ಡೆಲಿವರಿ 3.0ರಲ್ಲಿ ಫಾಸ್ಟ್ ರೋಲ್ ಸ್ವಾಪ್ ಎಂಬ ಏರ್ಪಾಟು ಇದೆ, ಆದರೆ ಹಬ್ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಅದು ಇದ್ದರೆ ಮಾತ್ರ ಫಲ. ಪೆಟ್ಟಿಗೆಯ ಮೇಲೆ ಇದನ್ನು ಬರೆಯುವವರು ಕಡಿಮೆ, ಆದ್ದರಿಂದ ಪರೀಕ್ಷೆ ಮಾಡಿಯೇ ನೋಡಿದೆ. ಬೇಡದ ಫೈಲುಗಳಿದ್ದ ಒಂದು ಹಳೆಯ ಎಸ್‌ಎಸ್‌ಡಿಯನ್ನು ಹಬ್ಬಿಗೆ ಸಿಕ್ಕಿಸಿ, ದೊಡ್ಡ ಫೈಲೊಂದನ್ನು ನಕಲು ಮಾಡಲು ಬಿಟ್ಟು, ಗೋಡೆಯ ಸ್ವಿಚ್ ಆರಿಸಿದೆ. ಗೆಳೆಯರಿಂದ ತಂದ ಒಂದು ಹಬ್ಬಿನಲ್ಲಿ ಮಾನಿಟರ್ ಕಪ್ಪಾಯಿತು, ಸಾಧನ ಕಳಚಿ ಮತ್ತೆ ಸೇರಿದ ಸದ್ದು ಬಂತು, ನಕಲು ದೋಷ ತೋರಿಸಿ ನಿಂತಿತು. ಇನ್ನೊಂದರಲ್ಲಿ ಚಾರ್ಜಿನ ಗುರುತು ಮಾತ್ರ ಹೋಗಿ, ನಕಲಿನ ಹಸಿರು ಪಟ್ಟಿ ನಿಲ್ಲದೆ ಮುಂದೆ ಸರಿಯಿತು.

ನಾನು ಕೊನೆಗೆ ಮಾಡಿಕೊಂಡ ಜೋಡಣೆಯಲ್ಲಿ ಈ ಅದೃಷ್ಟಪರೀಕ್ಷೆಗೆ ಅವಕಾಶವೇ ಇಲ್ಲ. ಚಾರ್ಜರ್ ನೇರವಾಗಿ ಬಲಗಡೆಯ ಟೈಪ್-ಸಿಗೆ ಹೋಗುತ್ತದೆ. ಎಸ್‌ಎಸ್‌ಡಿ ನೇರವಾಗಿ ಟೈಪ್-ಎ ಪೋರ್ಟಿಗೆ. ಎಡಗಡೆಯ ಪೋರ್ಟಿನಲ್ಲಿ ಹಬ್, ಅದಕ್ಕೆ ಮಾನಿಟರ್, ಲ್ಯಾನ್, ಕಾರ್ಡ್ ರೀಡರ್, ಆಡಿಯೋ, ಕೀಬೋರ್ಡ್. ಕರೆಂಟು ಹೋದರೆ ಹಬ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅದು ಮೊದಲಿನಿಂದಲೂ ಬ್ಯಾಟರಿಯ ಕಡೆಯಿಂದಲೇ ಉಣ್ಣುತ್ತಿದೆ. ಥಂಡರ್‌ಬೋಲ್ಟ್ 4 ಪೋರ್ಟ್ ಹೊರಗಿನ ಉಪಕರಣಕ್ಕೆ 15 ವಾಟ್ ಕೊಡಬೇಕೆಂಬ ನಿಯಮವಿದೆ. ಎಸ್‌ಎಸ್‌ಡಿಯ ಹೊರೆ ಹಬ್ಬಿನ ಮೇಲಿಲ್ಲದ್ದರಿಂದ ಅಷ್ಟು ಧಾರಾಳವಾಗಿ ಸಾಕಾಗುತ್ತದೆ. ಮೇಜಿನಿಂದ ಏಳುವಾಗ ಒಂದರ ಬದಲು ಮೂರು ಕೇಬಲ್ ಬಿಚ್ಚಬೇಕು. ಅದನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ಮಾನಿಟರ್ ಮತ್ತು ಮೋಡೆಮ್ ಮನೆಯ ಇನ್ವರ್ಟರ್ ಮೇಲಿವೆ. ಆದರೂ ಕರೆಂಟು ಹೋದಾಗಲೆಲ್ಲ ಮೋಡೆಮ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನೋಡಲು ಬಂದ ಎಲೆಕ್ಟ್ರಿಷಿಯನ್, “ಸರ್, ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಉಂಟು ನೋಡಿ, ಅದನ್ನು ಯುಪಿಎಸ್ ಕಡೆ ಹಾಕಿ” ಎಂದರು. ಸಾಮಾನ್ಯ ಸ್ಥಿತಿಯಲ್ಲಿ ಇನ್ವರ್ಟರ್ ಬ್ಯಾಟರಿಗೆ ಹೊರಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಫ್ಯಾನ್, ದೀಪಗಳಿಗೆ ಅದು ಲೆಕ್ಕಕ್ಕಿಲ್ಲ, ಮೋಡೆಮ್‌ಗೆ ಅಷ್ಟೇ ಸಾಕು ಆರಿಹೋಗಲು. ಯುಪಿಎಸ್ ಸ್ಥಿತಿಗೆ ಹಾಕಿದ ಮೇಲೆ ದೊಡ್ಡ ಫೈಲುಗಳನ್ನು ಏರಿಸುವ ಕೆಲಸ ನಡುವೆ ಕಡಿಯುತ್ತಿಲ್ಲ.

ಚಾರ್ಜರ್ ಹಬ್ಬಿನ ಮೂಲಕವೇ ಹೋಗಬೇಕಾದ, ಅಂದರೆ ಒಂದೇ ಟೈಪ್-ಸಿ ಪೋರ್ಟ್ ಇರುವ ಲ್ಯಾಪ್‌ಟಾಪಿನವರು ವಾಟ್‌ಗಳ ಲೆಕ್ಕವನ್ನೂ ಮಾಡಿಕೊಳ್ಳಬೇಕು. ಹಬ್ ತನಗೆಂದು 10ರಿಂದ 15 ವಾಟ್ ಹಿಡಿದಿಟ್ಟುಕೊಂಡು ಉಳಿದುದನ್ನು ಮುಂದೆ ಕಳಿಸುತ್ತದೆ. 65 ವಾಟ್‌ನ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪಿಗೆ ತಲುಪುವುದು ಸುಮಾರು 50. ಸಂಕಲನದಂಥ ಭಾರದ ಕೆಲಸದಲ್ಲಿ ಚಾರ್ಜರ್ ಇದ್ದೂ ಬ್ಯಾಟರಿ ಇಳಿಯುತ್ತದೆ. ಕೇಬಲ್ಲೂ ಮುಖ್ಯ: 60 ವಾಟ್‌ಗಿಂತ ಹೆಚ್ಚು ಸಾಗಿಸಲು 5 ಆಂಪಿಯರ್‌ನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಆಗಬೇಕು. ಮೊಬೈಲ್ ಜೊತೆ ಬಂದ ಟೈಪ್-ಸಿ ಕೇಬಲ್‌ಗಳಲ್ಲಿ ಬಹುತೇಕವು ಯುಎಸ್‌ಬಿ 2.0 ವೇಗದವು, ಅವುಗಳಲ್ಲಿ ಎಸ್‌ಎಸ್‌ಡಿ ಜೋಡಿಸಿ ವೇಗ ಸಾಲದೆಂದು ಡ್ರೈವನ್ನು ದೂರುವುದು ನ್ಯಾಯವಲ್ಲ. ನಾನು ಪ್ರತಿ ಕೇಬಲ್ಲಿಗೂ ಅದರ ವೇಗ ಮತ್ತು ವಾಟ್ ಬರೆದ ಚೀಟಿ ಅಂಟಿಸಿದ್ದೇನೆ.

ವೈರ್‌ಲೆಸ್ ಮೌಸ್ ಬಳಸುವವರಿಗೆ ಒಂದು ಮಾತು. ಯುಎಸ್‌ಬಿ 3.0 ಕೇಬಲ್ ಮತ್ತು ಪೋರ್ಟ್‌ಗಳಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಡ್ಡಬರುತ್ತದೆ. ಇಂಟೆಲ್ 2012ರಲ್ಲೇ ಇದರ ಬಗ್ಗೆ ವಿವರವಾದ ಪ್ರಬಂಧ ಪ್ರಕಟಿಸಿದೆ. ಮೌಸಿನ ರಿಸೀವರನ್ನು ಹಬ್ಬಿನಲ್ಲಿ ಕಾರ್ಡ್ ರೀಡರಿನ ಪಕ್ಕಕ್ಕೇ ಹಾಕಿದರೆ ನಕಲು ನಡೆಯುವಾಗ ಬಾಣ ಎಡವುತ್ತದೆ. ಗಿಡ್ಡ ವಿಸ್ತರಣಾ ಕೇಬಲ್ ಹಾಕಿ ರಿಸೀವರನ್ನು ಒಂದು ಗೇಣು ದೂರ ಸರಿಸಿದರೆ ಸರಿಹೋಗುತ್ತದೆ.

ಕರಾವಳಿಯ ಉಪ್ಪುಗಾಳಿ ಪೋರ್ಟ್‌ಗಳಿಗೆ ಒಳ್ಳೆಯದಲ್ಲ. ಟೈಪ್-ಸಿಯಲ್ಲಿ ಪಿನ್‌ಗಳ ನಡುವಿನ ಅಂತರ ಅರ್ಧ ಮಿಲಿಮೀಟರ್. 20 ವೋಲ್ಟ್‌ವರೆಗೆ ಹರಿಯುವ ಪಿನ್ನಿನ ಮಗ್ಗುಲಲ್ಲೇ ಮಾತುಕತೆ ನಡೆಸುವ ಸೂಕ್ಷ್ಮ ಪಿನ್ ಇದೆ. ನಡುವೆ ತೇವ, ಉಪ್ಪು, ಧೂಳು ಕೂತರೆ ಚಾರ್ಜ್ ಒಮ್ಮೆ ಹಿಡಿದು ಒಮ್ಮೆ ಬಿಡಲು ಶುರುವಾಗುತ್ತದೆ. ಬಳಸದ ಹಬ್, ರೀಡರ್, ಕೇಬಲ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ; ಪ್ಲಗ್ಗಿನ ಬಾಯನ್ನು ಆಗಾಗ ಐಸೊಪ್ರೊಪೈಲ್ ಆಲ್ಕೋಹಾಲ್ ತೇವಗೊಳಿಸಿದ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಸಿಕ್ಕಿಸುತ್ತೇನೆ. ಮಳೆಗಾಲಕ್ಕೆ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ಚಾರ್ಜರ್ ಜೊತೆ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಫೈಬರ್ ವಿದ್ಯುತ್ ಹರಿಸುವುದಿಲ್ಲ ನಿಜ, ಆದರೆ ಮೋಡೆಮ್‌ನ ಅಡಾಪ್ಟರ್ ಗೋಡೆಯಲ್ಲಿದೆ, ಮೋಡೆಮ್‌ನಿಂದ ಹಬ್ಬಿಗೆ ಬರುವ ತಂತಿ ತಾಮ್ರದ್ದು.

ಮುಂದೆ ಎರಡನೇ 4ಕೆ ಮಾನಿಟರ್ ಬಂದರೆ ಈ ಹಬ್ ಸಾಲದು. ಆಗ ಥಂಡರ್‌ಬೋಲ್ಟ್ 4 ಡಾಕನ್ನೇ ಕೊಳ್ಳುತ್ತೇನೆ. ಎರಡು 4ಕೆ ಪರದೆಗಳನ್ನು 60 ಹರ್ಟ್ಸ್‌ನಲ್ಲಿ ನಡೆಸುವ ಸಾಮರ್ಥ್ಯ ಆ ಮಾನದಂಡದಲ್ಲೇ ಸೇರಿದೆ. ಬೆಲೆ ಹಲವು ಪಟ್ಟು ಹೆಚ್ಚು, ಅಡಾಪ್ಟರ್ ಇನ್ವರ್ಟರ್ ಮೇಲೆಯೇ ಇರಬೇಕು, ಆಗಲೂ ಎಸ್‌ಎಸ್‌ಡಿ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಎಂ1 ಅಥವಾ ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ಇರುವವರು ಮಾತ್ರ ಈ ದಾರಿ ಹಿಡಿಯುವ ಮುನ್ನ ತಿಳಿದಿರಬೇಕಾದ್ದೊಂದಿದೆ: ಎಷ್ಟು ಬೆಲೆಯ ಥಂಡರ್‌ಬೋಲ್ಟ್ ಡಾಕ್ ಹಾಕಿದರೂ ಆ ಯಂತ್ರಗಳು ಹೊರಗಿನ ಒಂದೇ ಪರದೆಯನ್ನು ನಡೆಸುತ್ತವೆ. ಎರಡನೆಯದು ಬೇಕಿದ್ದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್ ಮತ್ತು ಅದರ ಡ್ರೈವರ್ ತಂತ್ರಾಂಶ ಬೇಕು. ಅದು ಚಿತ್ರವನ್ನು ಸಂಕುಚಿಸಿ ಯುಎಸ್‌ಬಿಯಲ್ಲಿ ಕಳಿಸುವುದರಿಂದ ಪತ್ರ, ಲೆಕ್ಕಪತ್ರದ ಕೆಲಸಕ್ಕೆ ಆಗುತ್ತದೆ, ಚೌಕಟ್ಟು ಎಣಿಸಿ ಮಾಡುವ ಸಂಕಲನಕ್ಕೆ ಅದನ್ನು ನಾನು ಸೂಚಿಸಲಾರೆ.