ಏಳನೇ ಒಪ್ಪಂದದಲ್ಲಿ ಮೇಷ್ಟ್ರ ಸಂಬಳದ ಸಾಲು: ನನ್ನ ಅನುಭವ

ನಮ್ಮ ಶಾಲೆಯ ಪಿ.ಡಿ. ದಿನಗಳಲ್ಲಿ (ಮಕ್ಕಳಿಗೆ ರಜೆ, ಶಿಕ್ಷಕರಿಗೆ ತರಬೇತಿ) ಮೂಲನಿವಾಸಿಗಳ ವಿಷಯ ಬಂದರೆ ಅರ್ಧ ಜನ ಲ್ಯಾಪ್‌ಟಾಪ್ ತೆರೆದು ಮಾರ್ಕ್ಸ್ ಹಾಕುತ್ತಾ ಕೂರುತ್ತಿದ್ದರು. ಈಗ ಅದೇ ಜನ "ಮುಂದಿನ ಸಲ ಬಸ್ ಯಾವಾಗ?" ಅಂತ ಕೇಳುತ್ತಾರೆ. ಇಲ್ಲಿಗೆ ಬರಲು ನಾಲ್ಕು ವರ್ಷ ಹಿಡಿಯಿತು. ಕೆನಡಾದಲ್ಲಿ ಪಾಠ ಮಾಡುತ್ತಿರುವ ನಮ್ಮವರು ಸುಮಾರು ಜನ ಇದ್ದೀರಿ, ಆಲ್ಬರ್ಟಾದಲ್ಲಂತೂ 2019ರಿಂದ ಈ ತಿಳಿವಳಿಕೆ ಪ್ರತಿ ಶಿಕ್ಷಕರಿಗೂ ಕಡ್ಡಾಯ. ಹಾಗಾಗಿ ಕ್ಯಾಲ್ಗರಿಯಲ್ಲಿ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. "ನೀವೇ ಹೊರಗಿನಿಂದ ಬಂದವರು, ನೀವೇನು ಹೇಳಿಕೊಡ್ತೀರಿ?" ಅಂತ ಸಹೋದ್ಯೋಗಿಯೊಬ್ಬರು ನೇರವಾಗಿ ಕೇಳಿದರು. ಮೊದಲ ವರ್ಷ ಪೂರ್ತಿ ಸೋತೆ. ಹೊರಗಿನಿಂದ ಒಬ್ಬ ದೊಡ್ಡ ಭಾಷಣಕಾರರನ್ನು ಕರೆಸಿದೆ. ವರ್ಷಕ್ಕೆಂದು ಇದ್ದದ್ದು 2,000 ಡಾಲರ್ ಚಿಲ್ಲರೆ, ಅದರಲ್ಲಿ 1,800 ಅವರಿಗೇ ಹೋಯಿತು. ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ದೂರ ಮಾಡಿ ಸರ್ಕಾರ, ಚರ್ಚು ಸೇರಿ ನಡೆಸಿದ ವಸತಿ ಶಾಲೆಗಳಿಗೆ ಒಯ್ದ ಸುಮಾರು 1,50,000 ಮಕ್ಕಳು, ಆ ಶಾಲೆಗಳ ಬಗ್ಗೆ ವಿಚಾರಣೆ ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಕೊಟ್ಟ 94 ಕರೆಗಳು, ಎಲ್ಲ ಸ್ಲೈಡಿನಲ್ಲಿತ್ತು. ಜನ ತಲೆ ತಗ್ಗಿಸಿ ಕೇಳಿದರು, ಕಾಫಿ ಕುಡಿದು ಮನೆಗೆ ಹೋದರು. ಸೋಮವಾರ ಒಬ್ಬರ ಪಾಠವೂ ಬದಲಾಗಿರಲಿಲ್ಲ.

ಎರಡನೇ ವರ್ಷ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಕ್ಯಾಲ್ಗರಿಗೆ ಹತ್ತಿರದ ಸಿಕ್ಸಿಕಾದ (ಬ್ಲಾಕ್‌ಫುಟ್ ಮೂಲನಿವಾಸಿಗಳ ಒಂದು ನೆಲೆ) ಹಿರಿಯರೊಬ್ಬರನ್ನು ಇಮೇಲ್‌ನಲ್ಲಿ ಕರೆದೆ. ಅವರಲ್ಲಿ ಹಿರಿಯರನ್ನು ಏನಾದರೂ ಕೇಳುವ ಮುಂಚೆ ಗೌರವಕ್ಕೆ ತಂಬಾಕು ಕೊಡುವ ಪದ್ಧತಿ, ಅದನ್ನೂ ಕೊಡಲಿಲ್ಲ. ಸಾಲದು ಅಂತ, ನಲವತ್ತು ಜನರ ಮುಂದೆ "ವಸತಿ ಶಾಲೆಯ ಅನುಭವ ಹೇಳಿ" ಅಂದುಬಿಟ್ಟೆ. ಆ ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಮ್ಮಕ್ಕಳ ಬಗ್ಗೆ ನಾಲ್ಕು ಮಾತಾಡಿ ಎದ್ದು ಹೋದರು. ನಮ್ಮೂರಲ್ಲಿ ಹಿರಿಯರನ್ನು ಕರೆಯಬೇಕಾದರೆ ಎಲೆ ಅಡಿಕೆ ಹಿಡಿದು ಮನೆ ಬಾಗಿಲಿಗೆ ಹೋಗುತ್ತೇವೆ. ಅದನ್ನು ನೋಡಿಕೊಂಡೇ ಬೆಳೆದ ನಾನು ಹೀಗೆ ಮಾಡಿದ್ದು ಇವತ್ತಿಗೂ ನೋವು ಕೊಡುತ್ತದೆ. ಅವರ ಗೌರವಧನ 300 ಡಾಲರ್ ಕೈಸೇರಲು ಎರಡು ತಿಂಗಳಾಯಿತು, ಆಫೀಸಿನವರು ಬಿಲ್ಲು ಕೇಳುತ್ತಾ ಕೂತರು. ಈಗ ಚೆಕ್ಕನ್ನು ಮೊದಲೇ ಬರೆಸಿ ಅವತ್ತೇ ಕೈಗೆ ಕೊಡುತ್ತೇನೆ. ಆಫೀಸಿನವರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಆಮೇಲೆ ತಂಬಾಕು ಹಿಡಿದು ಅವರ ಮನೆಗೇ ಹೋದೆ. ಕ್ಷಮೆ ಕೇಳಿದೆ, ಬೇರೇನೂ ಕೇಳಲಿಲ್ಲ. ಟೀ ಕುಡಿದು ಬಂದೆ. ಮೂರನೇ ಸಲ ಹೋದಾಗ ಅವರೇ "ಒಪ್ಪಂದ ಓದಿದ್ದೀಯಾ?" ಅಂದರು. ಬ್ರಿಟಿಷ್ ರಾಣಿಯ ಹೆಸರಲ್ಲಿ ಇಲ್ಲಿನ ಮೂಲನಿವಾಸಿಗಳ ಜೊತೆ ಮಾಡಿಕೊಂಡ ಏಳನೇ ಒಪ್ಪಂದದ (ಟ್ರೀಟಿ 7) ನೆಲದಲ್ಲಿ ಅಷ್ಟು ವರ್ಷ ಪಾಠ ಮಾಡಿದ್ದೆ, ಮೂಲ ಪಠ್ಯ ಒಂದು ಸಲವೂ ಓದಿರಲಿಲ್ಲ. ಅವತ್ತು ರಾತ್ರಿಯೇ ಕೂತು ಓದಿದೆ. 1877ರ ಸೆಪ್ಟೆಂಬರ್ 22, ಬೋ ನದಿ ದಡದ ಬ್ಲಾಕ್‌ಫುಟ್ ಕ್ರಾಸಿಂಗ್. ಸಿಕ್ಸಿಕಾ, ಕೈನಾಯ್, ಪಿಕಾನಿ, ತ್ಸೂಟಿನಾ, ಸ್ಟೋನಿ ನಕೋಡ ಜನ ಒಂದು ಕಡೆ, ರಾಣಿಯ ಅಧಿಕಾರಿಗಳು ಇನ್ನೊಂದು ಕಡೆ. ಅದರೊಳಗೆ ಒಂದು ಸಾಲು ಸಿಕ್ಕಿತು. ಈ ಜನ ನೆಲೆ ನಿಂತು, ತಾವಾಗಿ ಶಿಕ್ಷಕರು ಬೇಕು ಅಂದಾಗ, ಶಿಕ್ಷಕರ ಸಂಬಳ ರಾಣಿ ಕೊಡುತ್ತಾಳೆ ಅಂತ.

ನನ್ನ ಇಡೀ ಪದ್ಧತಿ ನಿಂತಿರುವುದು ಈ ಸಾಲಿನ ಮೇಲೆ. ಸ್ಲೈಡ್ ಇಲ್ಲ, ಭಾಷಣ ಇಲ್ಲ. ಒಪ್ಪಂದದ ಪ್ರತಿಯನ್ನು ಇಬ್ಬಿಬ್ಬರಿಗೆ ಕೊಟ್ಟು "ನಮ್ಮ ಬಗ್ಗೆ ಬರೆದದ್ದು ಎಲ್ಲಿದೆ, ಹುಡುಕಿ" ಅನ್ನುತ್ತೇನೆ. ಸಿಕ್ಕ ಮೇಲೆ ಎರಡನೇ ಹಾಳೆ ಕೊಡುತ್ತೇನೆ. ಅದು 1920ರ ಕಾನೂನು, ಮಕ್ಕಳು ಶಾಲೆಗೆ ಬರಲೇಬೇಕು ಅಂತ ಬಲವಂತ ಮಾಡಿದ್ದು. 'ಬೇಕು ಅಂದಾಗ' ಅಂತ ಕೊಟ್ಟ ಮಾತು ನಲವತ್ತಮೂರು ವರ್ಷದಲ್ಲಿ ಎಲ್ಲಿಗೆ ಬಂತು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮರಗೆಲಸ ಕಲಿಸುವ ಮೇಷ್ಟ್ರೊಬ್ಬರು "ಇದು ನಮ್ಮ ಅಪಾಯಿಂಟ್‌ಮೆಂಟ್ ಆರ್ಡರ್ ಅಲ್ವಾ?" ಅಂದರು. ನನಗೆ ಆವತ್ತು ನೆನಪಾದದ್ದು ಎಚ್.ಡಿ.ಕೋಟೆ ಕಡೆಯ ನಮ್ಮ ಶಾಲೆ. ಜೇನುಕುರುಬರ ಮಕ್ಕಳು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಮೂರನೇ ಕ್ಲಾಸಿಗೆ ಕಾಣೆಯಾಗುತ್ತಿದ್ದರು. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ. ಇದನ್ನು ನಾನು ಗುಂಪಿಗೂ ಹೇಳಿದೆ. ಹೊರಗಿನವಳು ಅನ್ನುವ ಮಾತು ಅಲ್ಲಿಗೆ ನಿಂತಿತು.

ಇಡೀ ದಿನದ ಒಂದೇ ಕಾರ್ಯಕ್ರಮ ಬಿಟ್ಟು, ಒಂದೂವರೆ ಗಂಟೆಯ ಐದು ಕೂಟ ಮಾಡಿದೆ. ಬರುತ್ತೇನೆ ಅಂದ 12 ಜನರನ್ನು ಮಾತ್ರ ಸೇರಿಸಿದೆ. ಬಲವಂತ ಮಾಡಿದರೆ ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಷರತ್ತು ಒಂದೇ: ನಿಮ್ಮ ವಿಷಯದ ಒಂದು ಪಾಠ ಬದಲಿಸಿ, ಮಾಡಿ ನೋಡಿ, ಮುಂದಿನ ಕೂಟಕ್ಕೆ ತನ್ನಿ. ಗಣಿತದವರು ತಂದದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. ಒಪ್ಪಂದದ ಪ್ರಕಾರ ತಲೆಗೆ ವರ್ಷಕ್ಕೆ 5 ಡಾಲರ್. ಇವತ್ತಿಗೂ ಅದೇ 5. ಬೆಲೆ ವರ್ಷಕ್ಕೆ ಶೇಕಡಾ 3 ಏರಿದರೆ ಅದು ಈಗ ಎಷ್ಟಾಗಬೇಕಿತ್ತು ಅಂತ ಮಕ್ಕಳು ಲೆಕ್ಕ ಹಾಕಿದರು, ಹತ್ತಿರ ಹತ್ತಿರ 400 ಬಂತು. 12ರಲ್ಲಿ ಒಂಬತ್ತು ಪಾಠ ಈಗಲೂ ನಡೆಯುತ್ತಿವೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬಾಗಿಲುಗಳ ಮೇಲೆ ಬ್ಲಾಕ್‌ಫುಟ್ ಪದಗಳ ಚೀಟಿ ಅಂಟಿಸಿದೆ. ಅರ್ಧ ತಪ್ಪಿದ್ದವು, ಕಿತ್ತು ಹಾಕಿದೆ. 'ಓಕಿ' ಅನ್ನುವ ನಮಸ್ಕಾರ ಮಾತ್ರ ಉಳಿಯಿತು, ಮಕ್ಕಳು ಬೆಳಿಗ್ಗೆ ಹಾಗೇ ಅನ್ನುತ್ತಾರೆ. ಬೆಳಗಿನ ಭೂಮಿ ಸ್ಮರಣೆಯನ್ನು (ಈ ನೆಲ ಮೂಲತಃ ಯಾರದು ಅಂತ ನೆನೆಯುವ ಮಾತು) ಕಾಗದ ನೋಡಿ ಓದುವ ಬದಲು ಶಿಕ್ಷಕರಿಂದಲೇ ಬರೆಸಿದೆ. ಜಾಸ್ತಿ ಜನಕ್ಕೆ ಬರಲಿಲ್ಲ, ಬಿಟ್ಟೆ. ಮುಂದೆ ಮತ್ತೆ ನೋಡಬೇಕು.

ಬಸ್ಸಿನ ದುಡ್ಡು ಹೊಂದಿಸುವುದು ಕಷ್ಟ, ಸುಮಾರು 900 ಡಾಲರ್. ಭಾಷಣಕಾರರನ್ನು ಬಿಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ಪಿ.ಡಿ. ದಿನವೇ ಹೋದರೆ ಬದಲಿ ಟೀಚರ್ ಖರ್ಚೂ ಇಲ್ಲ. ಹೋಗುವುದು ಸಿಕ್ಸಿಕಾದ ಓಲ್ಡ್ ಸನ್ ಕಟ್ಟಡಕ್ಕೆ. 1971ರವರೆಗೆ ಅದು ವಸತಿ ಶಾಲೆ, ಈಗ ಸಿಕ್ಸಿಕಾದವರದೇ ಕಾಲೇಜು. ಮಕ್ಕಳನ್ನು ಕೂಡಿಹಾಕಿದ್ದ ಗೋಡೆಗಳ ನಡುವೆ ಅವರವರೇ ಪಾಠ ಮಾಡುತ್ತಿದ್ದಾರೆ. ಬಸ್ ಹತ್ತುವಾಗ ಎಲ್ಲರ ಕೈಗೆ ಒಂದು ಪ್ರಶ್ನೆ ಬರೆದ ಕಾರ್ಡು ಕೊಡುತ್ತೇನೆ. ಪ್ರಶ್ನೆ ಏನು ಅಂತ ಹೇಳುವುದಿಲ್ಲ, ಮೊದಲೇ ಗೊತ್ತಾದರೆ ಅದು ಕೆಲಸ ಮಾಡುವುದಿಲ್ಲ.

ಈಗ 26 ಜನ ಹೆಸರು ಕೊಟ್ಟಿದ್ದಾರೆ. ಅಜ್ಜಿಗೆ ಹೇಳಿದೆ. ಅಷ್ಟು ಜನ ಬೇಡ, ಎಂಟೆಂಟು ಜನ ಮನೆಗೇ ಬನ್ನಿ, ಕಾಗದದಲ್ಲಿ ಬರೆಯದೇ ಹೋದ ಒಪ್ಪಂದವನ್ನು ನಾನು ಹೇಳುತ್ತೇನೆ, ಊಟ ಮಾತ್ರ ನೀವು ತನ್ನಿ ಅಂದಿದ್ದಾರೆ. ಎರಡು ಕಾರು ಸಾಕು. ಮೊದಲ ತಂಡಕ್ಕೆ ಪುಳಿಯೋಗರೆ ನಾನೇ ಮಾಡುತ್ತಿದ್ದೇನೆ.