ಪಾಡ್‌ಕಾಸ್ಟ್ ಕೇಳುತ್ತಾ ಹೆಣೆಯುವುದು: ಕುಣಿಕೆ ತಪ್ಪದಿರಲು ಏನು ಮಾಡಬೇಕು?

ಆಷಾಢದ ಮಳೆ ಹಿಡಿದುಕೊಂಡರೆ ಕೊಪ್ಪ, ಮೂಡಿಗೆರೆ ಕಡೆ ಮಧ್ಯಾಹ್ನವೇ ಲೈಟ್ ಹಾಕಬೇಕು. ಹಾಕೋಣವೆಂದರೆ ಕರೆಂಟ್ ಇರುವುದಿಲ್ಲ. ಅಂಥ ಹೊತ್ತಿಗೆ ಕೈಗೆ ಉಲ್ಲನ್ನು, ಕಿವಿಗೆ ಹೆಣಿಗೆಯದ್ದೇ ಪಾಡ್‌ಕಾಸ್ಟ್ ಇದ್ದರೆ ಸಂಜೆ ಆದದ್ದೇ ತಿಳಿಯದು. ಆದರೆ ಯಾವ ಮಾತಿಗೆ ಯಾವ ಹೆಣಿಗೆ ಎಂಬುದನ್ನು ಮೊದಲೇ ಜೋಡಿಸಿಕೊಳ್ಳಬೇಕು. ಇಲ್ಲದಿದ್ದರೆ ಬಿಚ್ಚುವ ಕೆಲಸವೇ ಹೆಚ್ಚಾಗುತ್ತದೆ.

ಹೆಣಿಗೆಯವರ ನಡುವೆ ಪಾಡ್‌ಕಾಸ್ಟ್ ಎಂದರೆ ಬಹಳ ಸಲ ಯೂಟ್ಯೂಬ್ ವಿಡಿಯೊ. ಕ್ಯಾಮೆರಾ ಮುಂದೆ ಕೂತು, ಹೆಣಿಗೆ ಕಡ್ಡಿಯ ಮೇಲಿರುವುದನ್ನು ಎತ್ತಿ ತೋರಿಸುತ್ತಾ ಮಾತಾಡುತ್ತಾರೆ. ವಿನ್ಯಾಸಕಾರರ ಸಂದರ್ಶನ ಬೇಕಾದವರಿಗೆ ‘ಫ್ರೂಟಿ ನಿಟ್ಟಿಂಗ್’ ಈ ಬಗೆಯದು. ಬರೀ ಕಿವಿಗೆ ಸಾಕೆಂದರೆ ಜೋ ಆಂಡ್ರೂಸ್ ಅವರ ‘ಹ್ಯಾಪ್ಟಿಕ್ ಅಂಡ್ ಹ್ಯೂ’ ಇದೆ. ಬಟ್ಟೆಗಳ ಹಿಂದಿನ ಚರಿತ್ರೆ ಹೇಳುತ್ತದೆ, ಕಣ್ಣು ಕೈಗೆಲಸದ ಮೇಲಿದ್ದರೂ ಏನೂ ತಪ್ಪಿಹೋಗದು. ಇಂಗ್ಲಿಷಿನ ಉಚ್ಚಾರ ಹಿಡಿಯಲು ಕಷ್ಟವಾದರೆ ವೇಗವನ್ನು 0.8ಕ್ಕೆ ಇಳಿಸಿ.

ಘಟ್ಟದ ಕಡೆ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಪೇಟೆಯಲ್ಲಿ ವೈಫೈ ಸಿಕ್ಕಾಗಲೇ ಡೌನ್‌ಲೋಡ್ ಮಾಡಿಕೊಳ್ಳಿ. 128 ಕೆಬಿಪಿಎಸ್ ಗುಣಮಟ್ಟದ ಆಡಿಯೊ ಗಂಟೆಗೆ ಸುಮಾರು 58 ಎಂಬಿ. ವಿಡಿಯೊ ಅದರ ಹಲವು ಪಟ್ಟು.

ಈಗ ಜೋಡಿಸುವ ವಿಷಯ. ಎಣಿಸುವಾಗ ನಾವು ಮನಸ್ಸಿನಲ್ಲೇ ಅಂಕಿ ಹೇಳಿಕೊಳ್ಳುತ್ತಿರುತ್ತೇವೆ. ಅದೇ ಹೊತ್ತಿಗೆ ಕಿವಿಯೊಳಗಿನವರು ‘ಎಂಬತ್ತೆರಡು ಕುಣಿಕೆ ಹಾಕಿದೆ’ ಅಂದರೆ ನಮ್ಮ ಅರವತ್ತೇಳು ಅಲ್ಲೇ ಹಾರಿಹೋಗುತ್ತದೆ. ಹಾಗಾಗಿ ಮೊದಲ ಸಾಲಿನ ಕುಣಿಕೆ ಹಾಕುವಾಗ, ಸ್ವೆಟರಿನ ಕುತ್ತಿಗೆ ಹೆಣೆಯುವಾಗ, ಕಾಲುಚೀಲದ ಹಿಮ್ಮಡಿಗೆ ಬಂದಾಗ ಪಾಡ್‌ಕಾಸ್ಟ್ ನಿಲ್ಲಿಸಿ. ಸ್ವೆಟರಿನ ಮೈ, ಮಫ್ಲರು, ಕುಲಾವಿಯ ನೇರ ಭಾಗ, ಒಟ್ಟಿನಲ್ಲಿ ಸೀದಾ-ಉಲ್ಟಾ ಬಿಟ್ಟರೆ ಬೇರೇನೂ ಇಲ್ಲದ ಜಾಗಕ್ಕೆ ಯಾವ ಪಾಡ್‌ಕಾಸ್ಟೂ ಆದೀತು. ವಿಡಿಯೊಗೆ ಅದಕ್ಕಿಂತ ಸರಳವಾದದ್ದು ಬೇಕು: ನೋಡದೆ, ಬೆರಳಿನ ಅಂದಾಜಿನಲ್ಲೇ ಹೋಗುವಂಥದ್ದು.

ಅಷ್ಟಾದರೂ ತೂತುತೂತಿನ ವಿನ್ಯಾಸದ ಲೇಸನ್ನೇ ಹೆಣೆಯುತ್ತಾ ಕೇಳಬೇಕೆಂಬ ಹಟವಿದ್ದರೆ ಎಣಿಕೆಯನ್ನು ತಲೆಯಿಂದ ಕಡ್ಡಿಗೆ ಇಳಿಸಿ. ಪ್ರತಿ 20 ಕುಣಿಕೆಗೊಂದು ಗುರುತು ಹಾಕಿ. ಜ್ಯೂಸ್ ಕುಡಿಯುವ ಸ್ಟ್ರಾವನ್ನು 3 ಮಿಮೀ ಅಗಲಕ್ಕೆ ಕತ್ತರಿಸಿದ ಉಂಗುರ ಸಾಕು, ಕಡ್ಡಿಗಿಂತ ತುಸು ದಪ್ಪನಿರಲಿ. ಲೇಸಿನಲ್ಲಿ ತಪ್ಪು ಆಗಿಂದಾಗಲೇ ಕಾಣುವುದಿಲ್ಲ. ಆರೇಳು ಸಾಲು ಮೇಲೆ ಹೋದಮೇಲೆ ನೋಡಿದರೆ ವಿನ್ಯಾಸದಲ್ಲಿನ ಎಲೆಯ ನಡುಗೆರೆ ಒಂದು ಕುಣಿಕೆ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಎಲ್ಲೋ ದಾರ ಸುತ್ತುವುದನ್ನು ಮರೆತಿರುತ್ತೀರಿ, ಅಷ್ಟೆ. ಇದಕ್ಕೆ ಮದ್ದು ಕಾವಲು ದಾರ: ತಪ್ಪಾದರೆ ಆ ದಾರದವರೆಗೆ ಬಿಚ್ಚಿದರೆ ಸಾಕು, ಅಲ್ಲಿನ ಕುಣಿಕೆಗಳು ಜಾರದೆ ನಿಲ್ಲುತ್ತವೆ. ಪ್ರತಿ 10 ಸಾಲಿಗೊಮ್ಮೆ, ಉಲ್ಟಾ ಸಾಲು ಮುಗಿದ ಮೇಲೆ, ಮೊಂಡು ಸೂಜಿಗೆ ಬೇರೆ ಬಣ್ಣದ ತೆಳು ಹತ್ತಿ ದಾರ ಪೋಣಿಸಿ, ಕಡ್ಡಿಯ ಮೇಲಿನ ಪ್ರತಿ ಕುಣಿಕೆಯೊಳಗೂ ಹಾಯಿಸಿ. ಗುರುತಿನ ಉಂಗುರದೊಳಗೆ ಮಾತ್ರ ಹಾಯಿಸಬೇಡಿ, ಅದು ಅಲ್ಲೇ ಸಿಕ್ಕಿಬೀಳುತ್ತದೆ. ಎರಡೂ ತುದಿಯಲ್ಲಿ ಗೇಣುದ್ದ ದಾರ ಬಿಡಿ. ಚೂಪು ಸೂಜಿ ಉಲ್ಲನ್ ಎಳೆಯನ್ನೇ ಸೀಳುತ್ತದೆ, ಜುಂಗಿರುವ ದಾರ ಎಳೆಯುವಾಗ ಜುಂಗು ಬಿಟ್ಟುಹೋಗುತ್ತದೆ.

ಪಾಡ್‌ಕಾಸ್ಟಿನವರ ಮಾತಿನಲ್ಲಿ ಬಿಚ್ಚುವುದಕ್ಕೇ ಎರಡು ಪದ ಇವೆ. ಸಾಲುಗಟ್ಟಲೆ ಎಳೆದು ಬಿಚ್ಚುವುದು ‘ಫ್ರಾಗಿಂಗ್’: ‘ರಿಪ್ ಇಟ್’ ಅನ್ನುವುದು ಅವರ ಕಿವಿಗೆ ಕಪ್ಪೆ ಕೂಗಿದಂತೆ ಕೇಳುತ್ತದಂತೆ. ಒಂದೊಂದೇ ಕುಣಿಕೆ ಹಿಂದಕ್ಕೆ ಬಿಚ್ಚುವುದು ‘ಟಿಂಕ್’. ‘ನಿಟ್’ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದದ್ದು.

ನಿಜವಾಗಿ ದುಡ್ಡು ಹಾಳಾಗುವುದು ನಂಬರುಗಳಿಂದ. ನಮ್ಮ ಅಂಗಡಿಗಳ ಹಳೆ ಕಡ್ಡಿಗಳಲ್ಲಿ ಇರುವುದು ಬ್ರಿಟಿಷ್ ಲೆಕ್ಕ: 10 ನಂಬರ್ ಎಂದರೆ 3.25 ಮಿಮೀ, 8 ನಂಬರ್ ಎಂದರೆ 4 ಮಿಮೀ. ಅಮೆರಿಕದವರ 10 ನಂಬರ್ 6 ಮಿಮೀ, 8 ನಂಬರ್ 5 ಮಿಮೀ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳುವಾಗುತ್ತದೆ, ಅಮೆರಿಕದ್ದರಲ್ಲಿ ದಪ್ಪವಾಗುತ್ತದೆ. ಆದ್ದರಿಂದ ಕಿವಿಯಲ್ಲಿ ಕೇಳಿದ ನಂಬರ್ ಬಿಟ್ಟು ಮಿಮೀ ಎಷ್ಟೆಂದು ನೋಡಿ. ಸಾಮಾನ್ಯವಾಗಿ ಸಂಚಿಕೆಯ ಕೆಳಗಿನ ವಿವರದಲ್ಲೋ ಪ್ಯಾಟರ್ನಿನಲ್ಲೋ ಇರುತ್ತದೆ. ಕ್ರೋಶಾದಲ್ಲೂ ಇದೇ ಪಜೀತಿ: ಅಮೆರಿಕದ ‘ಸಿಂಗಲ್’ ಕುಣಿಕೆ ಬ್ರಿಟನ್ನಿನಲ್ಲಿ ‘ಡಬಲ್’, ಅಮೆರಿಕದ ‘ಡಬಲ್’ ಬ್ರಿಟನ್ನಿನಲ್ಲಿ ‘ಟ್ರೆಬಲ್’.

ಕಡ್ಡಿ ಸರಿಯಿದ್ದರೂ ಮಾದರಿ ತುಂಡು ಹೆಣೆದೇ ಮುಂದುವರಿಯಿರಿ. 10 ಸೆಂಮೀಗೆ 22 ಕುಣಿಕೆ ಬರಬೇಕಾದಲ್ಲಿ ನಿಮ್ಮ ಕೈಯಲ್ಲಿ 20 ಬಂದರೆ, 90 ಸೆಂಮೀ ಎದೆಗೆಂದು ಹಾಕಿದ 198 ಕುಣಿಕೆ 99 ಸೆಂಮೀ ಆಗುತ್ತದೆ. ತುಂಡನ್ನು ತೊಳೆದು ಪೂರ್ತಿ ಒಣಗಿದ ಮೇಲೇ ಅಳೆಯಿರಿ. ಮಳೆಗಾಲದಲ್ಲಿ ಅದಕ್ಕೆ ಎರಡು ದಿನ ಹಿಡಿದರೂ ಕಾಯಿರಿ.

ಪಾಡ್‌ಕಾಸ್ಟ್ ಕೇಳಿ ಕೇಳಿ ಕೈಯಲ್ಲೇ ಬಣ್ಣ ಹಾಕಿದ ಮೆರಿನೊ ಕುರಿಯ ಉಲ್ಲನ್ ತರಿಸುವ ಆಸೆ ಹುಟ್ಟುತ್ತದೆ. ಆದರೆ ಅವರು ಹೇಳುವ ಉಲ್ಲನ್ನಿನ ದಪ್ಪ, ಹಿಮ ಬೀಳುವ ಊರಿಗೆ ತಕ್ಕದ್ದು. ಚಿಕ್ಕಮಗಳೂರಿನ ಡಿಸೆಂಬರಿಗೆ 4 ಪ್ಲೈ ಎಂಬ ತೆಳು ಉಲ್ಲನ್ ಧಾರಾಳ. ಒಂದೊಂದು ತಳಿಯ ಕುರಿಯ ಉಣ್ಣೆ ಕುರಿತ ಸಂಚಿಕೆಗಳು ಮಾತ್ರ ಬಿಡಬಾರದವು. ಅವನ್ನು ಕೇಳಿದ ಮೇಲೆ ಮನೆಯ ಕರಿ ಕಂಬಳಿಯನ್ನು ಮುಟ್ಟಿ ನೋಡಿ: ದಕ್ಖನಿ ಕುರಿಯ ಒರಟು ಉಣ್ಣೆ, ಹುಣಸೆ ಬೀಜದ ಗಂಜಿ ಬಳಿದು ಗಟ್ಟಿ ಮಾಡಿದ, ಉದ್ದಕ್ಕೆ ಹಾಯುವ ಹಾಸುನೂಲು.

ಕೂರುವಾಗ ಉಲ್ಲನ್ ಉಂಡೆಯನ್ನು ಬಾಯಗಲದ ಚೊಂಬಿನೊಳಗಿಡಿ. ಉರುಳುವುದಿಲ್ಲ, ಬೆಕ್ಕಿಗೂ ಸಿಗುವುದಿಲ್ಲ. ಇಯರ್‌ಫೋನ್ ವೈರ್ ಚೊಂಬಿಲ್ಲದ ಬದಿಯಿಂದ ಬರಲಿ. ಒಂದು ಕಿವಿಗೆ ಮಾತ್ರ ಸಿಕ್ಕಿಸಿದರೆ ಒಲೆಯ ಮೇಲಿನ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ಗೊತ್ತಾಗುತ್ತದೆ.