ಇಂಗು ಹಾಕಿದ ರೋಮನ್ ಕೋಳಿ

ಪ್ರಾಚೀನ ರೋಮಿನ ಅಡುಗೆ ಮಾಡುತ್ತೇನೆ ಅಂದರೆ ಜನರ ಮನಸ್ಸಿಗೆ ಬರುವುದು ಟೊಮೆಟೊ ಸಾಸ್. ಟೊಮೆಟೊ ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ನನಗೆ ಜಾಸ್ತಿ ಬೇಕಾಗುವುದು ಕಾಳುಮೆಣಸು, ಇಂಗು.

ಇಂಗು ಅಲ್ಲಿಗೆ ಹೋದದ್ದು ಬದಲಿ ಆಟಗಾರನಾಗಿ. ಈಗಿನ ಲಿಬಿಯಾದ ಕೈರೀನ್ ಕಡೆ ಸಿಲ್ಫಿಯಂ ಎಂಬ ಗಿಡ ಇತ್ತು. ಅದರ ಅಂಟು ರೋಮನ್ನರಿಗೆ ಪ್ರಾಣ. ಗೋಮಾಳ ಗುತ್ತಿಗೆ ಹಿಡಿದವರು ಕುರಿ ಮೇಯಿಸಿ ಗಿಡ ಮುಗಿಸಿದರು, ಕೊನೆಗೆ ಸಿಕ್ಕ ಒಂದೇ ಕಾಂಡವನ್ನು ನೀರೋ ಚಕ್ರವರ್ತಿಗೆ ಕಳಿಸಿದರು ಅಂತ ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಆಮೇಲೆ ಪರ್ಷಿಯಾ ಕಡೆಯ ಇಂಗೇ ಗತಿ. ಅದು ಕೈರೀನ್ ಮಾಲಿಗಿಂತ ಕಳಪೆ ಅಂತ ಅವನ ಗೊಣಗಾಟ ಬೇರೆ!

ನಾನು ಮಾಡುವುದು ಅಪಿಸಿಯಸ್ ಹೆಸರಿನಲ್ಲಿ ಉಳಿದಿರುವ ರೋಮನ್ ಅಡುಗೆ ಪುಸ್ತಕದ 'ಪಾರ್ಥಿಯನ್ ಕೋಳಿ'. ಪಾರ್ಥಿಯಾ ಅಂದರೆ ಆಗಿನ ಪರ್ಷಿಯಾ ಕಡೆಯ ರಾಜ್ಯ. ಈ ಅಡುಗೆಗೆ ಅಲ್ಲಿ ಅಳತೆಯೇ ಕೊಟ್ಟಿಲ್ಲ. ಅಜ್ಜಿಯರ ಹಾಗೆ ಎಲ್ಲ ಕಣ್ಣಂದಾಜು. ಹಾಗಾಗಿ ಈ ಅಳತೆ ನನ್ನದು. ಒಂದು ಕಿಲೋ ಕೋಳಿಗೆ ಎರಡು ಚಮಚ ಕಾಳುಮೆಣಸು, ಅರ್ಧ ಚಮಚ ಶಾಹಿ ಜೀರಿಗೆ. ಮೂಲದಲ್ಲಿರುವ ಲವೇಜ್ ಸೊಪ್ಪು ನಮ್ಮಲ್ಲಿ ಸಿಗುವುದಿಲ್ಲ, ಒಂದು ಹಿಡಿ ಸೆಲೆರಿ ಎಲೆ ಸಾಕು. ಎಲ್ಲ ಕುಟ್ಟಿ, ಮೂರು ಚಮಚ ಫಿಶ್ ಸಾಸ್, ಅರ್ಧ ಲೋಟ ವೈನ್ ಬೆರೆಸುತ್ತೇನೆ. ಮೀನನ್ನು ಉಪ್ಪಲ್ಲಿ ಹುದುಗಿಸಿ ಮಾಡುತ್ತಿದ್ದ ಅವರ ಗಾರಂಗೆ ಹತ್ತಿರದ್ದು ಈ ಸಾಸೇ. ಬೇರೆ ಉಪ್ಪು ಹಾಕಬೇಡಿ.

ಇಂಗಿನ ವಿಷಯದಲ್ಲಿ ಮಾತ್ರ ನಮ್ಮ ಕೈ ಅಭ್ಯಾಸ ಬಿಡಬೇಕು. ನಾವು ಬಿಸಿ ಎಣ್ಣೆಗೆ ಹಾಕುತ್ತೇವೆ, ಅವರು ಉಗುರುಬೆಚ್ಚಗಿನ ನೀರಲ್ಲಿ ಕರಗಿಸುತ್ತಿದ್ದರು. ಪುಡಿ ಬೇಡ, ಅದರಲ್ಲಿ ಹಿಟ್ಟೇ ಜಾಸ್ತಿ. ಗಟ್ಟಿ ಇಂಗು, ಕಡಲೆಕಾಳಿನಷ್ಟು. ಬೆರಳಲ್ಲಿ ಹಿಸುಕುತ್ತಾ ಹೋದರೆ ನೀರು ಹಾಲುಹಾಲಾಗುತ್ತದೆ. ಆಗಿನ ವಾಸನೆಗೆ ಅತ್ತೆ ಅಡುಗೆಮನೆಯಿಂದ ಎದ್ದೇ ಹೋದರು. "ಒಗ್ಗರಣೆ ಇಲ್ಲದೆ ಇಂಗು ಯಾರಾದ್ರೂ ಹಾಕ್ತಾರೇನಮ್ಮ?" ಅಂತ.

ಮಣ್ಣಿನ ಗಡಿಗೆಯಲ್ಲಿ ಕೋಳಿ ಇಟ್ಟು, ಮಸಾಲೆ ಸುರಿದು, ಇಂಗಿನ ನೀರು ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಬೇಯುತ್ತಾ ಆ ಹಸಿ ಘಾಟು ಇಳಿದು ಬೆಳ್ಳುಳ್ಳಿ ಈರುಳ್ಳಿ ಬೆಂದ ಹಾಗಿನ ಘಮ ಬರುತ್ತದೆ. ಎರಡೂ ಹಾಕಿರುವುದಿಲ್ಲ! ಬಡಿಸುವಾಗ ಮೇಲೆ ಇನ್ನಷ್ಟು ಕಾಳುಮೆಣಸಿನ ಪುಡಿ. ಆ ಕಾಳುಮೆಣಸು ಹಡಗೇರಿ ಹೋಗುತ್ತಿದ್ದದ್ದು ಮುಜಿರಿಸ್‌ನಂಥ ಮಲಬಾರ್ ಬಂದರುಗಳಿಂದ. ಪ್ಲಿನಿ ಕಾಲದಲ್ಲಿ ಒಂದು ರೋಮನ್ ಪೌಂಡಿಗೆ, ಅಂದರೆ ಸುಮಾರು 327 ಗ್ರಾಮಿಗೆ, 4 ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ. ಬರೀ ಖಾರಕ್ಕಾಗಿ ಭಾರತದ ತನಕ ಹೋಗಬೇಕಾ ಅಂತ ಅದಕ್ಕೂ ಅವನ ತಕರಾರಿದೆ.

ಅದೇ ಪುಸ್ತಕದಲ್ಲಿ ಇಂಗು ಉಳಿಸುವ ಉಪಾಯವೂ ಇದೆ. ಗಾಜಿನ ಭರಣಿಯಲ್ಲಿ ಇಂಗಿನ ಜೊತೆ ಸುಮಾರು 20 ಪೈನ್ ಬೀಜ ಹಾಕಿಡುವುದು. ಬೇಕಾದಾಗ ಬೀಜ ಅರೆದು ಬಳಸಿ, ಅಷ್ಟೇ ಹೊಸ ಬೀಜ ಸೇರಿಸುವುದು. ನಮ್ಮಲ್ಲಿ ಪೈನ್ ಬೀಜ ಅಂದರೆ ಚಿಲ್ಗೋಜ, ಅದು ದುಬಾರಿ, ಅಲ್ವಾ? ನಾನು ಗೋಡಂಬಿ ಚೂರು ಹಾಕಿಟ್ಟಿದ್ದೇನೆ, ಚೆನ್ನಾಗಿಯೇ ಹಿಡಿದಿದೆ. ಅದನ್ನು ಅರೆದು ಮಸೂರ್ ಬೇಳೆಗೆ ಜೀರಿಗೆ, ಕೊತ್ತಂಬರಿ ಬೀಜ, ಪುದೀನ, ವಿನೆಗರ್, ಜೇನಿನ ಜೊತೆ ಹಾಕಿದೆ. ಅತ್ತೆ ಅದನ್ನು ಎರಡು ಸಲ ಬಡಿಸಿಕೊಂಡರು.